ಗೊತ್ತಿಲ್ಲ ಅನ್ನುವುದೂ ಒಂದು ಸುಳಿವು

(ಶಿವಮೊಗ್ಗದಲ್ಲಿ ಪಿಯು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬಂದವರಿಗೆ ಅಡಿಕೆ ಕೊಯ್ಲಿನ ಮನೆ ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ. ಒಂದು ಕಡೆ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವವರು, ಇನ್ನೊಂದು ಕಡೆ ಹಂಡೆಯಲ್ಲಿ ಬೇಯುವ ಅಡಿಕೆ. ಅದರ ಚೊಗರು ತಾಗಿದರೆ ಕೆಂಪು ಕಲೆ. ತೊಳೆದರೂ ಬೇಗ ಹೋಗುವುದಿಲ್ಲ.

ಆ ಅಂಗಳದಲ್ಲಿ ಪುಟ್ಟ, ಶಾರಿ, ಗಣಪು ಅಂತ ಮೂವರು ಮಕ್ಕಳು. ಆಟ ಆಡುತ್ತಾ ಮೂವರ ಹಣೆಗೂ ಚೊಗರು ಮೆತ್ತಿದೆ. ಬೇರೆಯವರ ಹಣೆ ಕಾಣುತ್ತದೆ, ತಮ್ಮದು ಕಾಣುವುದಿಲ್ಲ. ಕನ್ನಡಿ ನೋಡುವ ಹಾಗಿಲ್ಲ, ಮುಟ್ಟಿ ನೋಡುವ ಹಾಗಿಲ್ಲ, ಒಬ್ಬರಿಗೊಬ್ಬರು ಹೇಳುವ ಹಾಗೂ ಇಲ್ಲ. ಅಜ್ಜಿ ಬಂದು ಹೇಳುತ್ತಾರೆ: "ನಿಮ್ಮಲ್ಲಿ ಒಬ್ಬರ ಹಣೆಗಾದರೂ ಚೊಗರು ಆಗಿದೆ ಕಣ್ರೋ. ತನ್ನ ಹಣೆಗೆ ಆಗಿದೆ ಅಂತ ಯಾರಿಗಾದರೂ ಗೊತ್ತಾಯ್ತಾ?"

ಯಾರೂ ಮಾತಾಡುವುದಿಲ್ಲ. ಅಜ್ಜಿ ಮತ್ತೆ ಕೇಳುತ್ತಾರೆ. ಮತ್ತೆ ಮೌನ. ಮೂರನೇ ಸಲ ಕೇಳಿದಾಗ ಮೂವರೂ ಒಟ್ಟಿಗೆ ಕೂಗುತ್ತಾರೆ: "ನನ್ನ ಹಣೆಗೂ ಆಗಿದೆ!" ಹೇಗೆ?

ಒಬ್ಬನಿಗೆ ಮಾತ್ರ ಕಲೆ ಇದ್ದಿದ್ದರೆ ಅವನಿಗೆ ಎದುರಿಗೆ ಎರಡೂ ಹಣೆ ಸ್ವಚ್ಛವಾಗಿ ಕಾಣುತ್ತಿತ್ತು. ಮೊದಲ ಸಲವೇ ಹೇಳುತ್ತಿದ್ದ. ಶಾರಿ, ಗಣಪು ಇಬ್ಬರಿಗೇ ಇದ್ದಿದ್ದರೆ? ಶಾರಿ ಹೀಗೆ ಯೋಚಿಸುತ್ತಾಳೆ: "ನನಗೆ ಇಲ್ಲದಿದ್ದರೆ ಗಣಪು ಆಗಲೇ ಹೇಳಬೇಕಿತ್ತು. ಸುಮ್ಮನಿದ್ದಾನೆ. ಹಾಗಾದರೆ ನನಗೂ ಇದೆ." ಗಣಪುವಿನ ಯೋಚನೆಯೂ ಅದೇ. ಎರಡನೇ ಸಲಕ್ಕೆ ಇಬ್ಬರೂ ಹೇಳುತ್ತಾರೆ. ಈಗ ಪುಟ್ಟನ ಜಾಗದಲ್ಲಿ ನಿಂತು ನೋಡಿ. ಅವನ ಹಣೆ ಸ್ವಚ್ಛವಾಗಿದ್ದರೆ ಆ ಇಬ್ಬರು ಎರಡನೇ ಸಲ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಷ್ಟು ಸಾಕು ಅವನಿಗೆ.

ಒಂದು ಮಾತು ನೆನಪಿರಲಿ. ಮೂವರೂ ಯೋಚನೆ ಮಾಡುವವರು, ಸುಳ್ಳು ಹೇಳದವರು ಅಂತ ಮೂವರಿಗೂ ನಂಬಿಕೆ ಇರಬೇಕು. ಗಣಪು ತೂಕಡಿಸುತ್ತಿದ್ದರೆ ಅವನ ಮೌನದಿಂದ ಏನೂ ಸಿಗುವುದಿಲ್ಲ.

ನನಗೆ ತುಂಬಾ ಇಷ್ಟವಾದ ಭಾಗ ಈಗ ಬರುತ್ತದೆ. ಅಜ್ಜಿ ಹೇಳಿದ್ದು ಹೊಸ ವಿಷಯವೇ ಅಲ್ಲ, ಅಲ್ವಾ? ಪ್ರತಿಯೊಬ್ಬರಿಗೂ ಎದುರಿಗೆ ಎರಡು ಕಲೆ ಕಾಣುತ್ತಿದೆ. ಹಾಗಿದ್ದರೂ ಅಜ್ಜಿ ಆ ಮಾತು ಹೇಳದೆ ಬರೀ ಪ್ರಶ್ನೆ ಕೇಳಿದ್ದರೆ, ನೂರು ಸಲ ಕೇಳಿದರೂ ಯಾರಿಗೂ ಉತ್ತರ ಸಿಗುತ್ತಿರಲಿಲ್ಲ.

ಪುಟ್ಟನ ತಲೆಯೊಳಗೆ ಹೋಗೋಣ. "ನನಗೆ ಕಲೆ ಇಲ್ಲ ಅಂದುಕೊಳ್ಳೋಣ. ಆಗ ಶಾರಿಗೆ ಕಾಣುವುದು ಗಣಪುವಿನ ಕಲೆ ಮಾತ್ರ. ಅವಳೂ ತನಗಿಲ್ಲ ಅಂದುಕೊಂಡರೆ, ಗಣಪುವಿಗೆ ಒಂದು ಕಲೆಯೂ ಕಾಣುತ್ತಿಲ್ಲ ಅಂತ ಅವಳು ಲೆಕ್ಕ ಹಾಕಬಹುದು." ನೋಡಿ, ಕಲೆ ಇದೆ ಅಂತ ಮೂವರಿಗೂ ಗೊತ್ತು. ಆದರೆ ಅದು ಗಣಪುವಿಗೆ ಗೊತ್ತು ಅಂತ ಶಾರಿಗೆ ಗೊತ್ತಿದೆಯೋ ಇಲ್ಲವೋ, ಪುಟ್ಟ ಹೇಳಲಾರ. ಅಜ್ಜಿ ಎಲ್ಲರ ಎದುರು ಗಟ್ಟಿಯಾಗಿ ಹೇಳಿದ ಕ್ಷಣ ಆ ಅನುಮಾನ ಹೋಯಿತು. ಒಬ್ಬೊಬ್ಬರ ಕಿವಿಯಲ್ಲಿ ಗುಟ್ಟಾಗಿ ಹೇಳಿದ್ದರೆ ಹೋಗುತ್ತಿರಲಿಲ್ಲ.

ಈ ಒಗಟು ಹಳೆಯದು. ಇಂಗ್ಲೆಂಡಿನ ಗಣಿತಜ್ಞ ಲಿಟಲ್‌ವುಡ್ 1953ರಲ್ಲಿ ರೈಲಿನಲ್ಲಿ ಕೂತ, ಮುಖ ಕೊಳೆಯಾದ ಮೂವರು ಹೆಂಗಸರ ಮೇಲೆ ಇದನ್ನು ಬರೆದರು. ಎಲ್ಲರಿಗೂ ಗೊತ್ತಿರುವುದು ಬೇರೆ. ಎಲ್ಲರಿಗೂ ಗೊತ್ತು ಅಂತ ಎಲ್ಲರಿಗೂ ಗೊತ್ತಿರುವುದು, ಅದೂ ಎಲ್ಲರಿಗೂ ಗೊತ್ತಿರುವುದು, ಹೀಗೆ ಕೊನೆಯಿಲ್ಲದೆ ಸಾಗುವುದು ಬೇರೆ. ಈ ವ್ಯತ್ಯಾಸವನ್ನು 1976ರಲ್ಲಿ ಗಣಿತದ ಚೌಕಟ್ಟಿಗೆ ತಂದ ರಾಬರ್ಟ್ ಆಮನ್ ಅವರಿಗೆ 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಈಗ ನಿಮ್ಮ ಸರದಿ. 2015ರಲ್ಲಿ ಸಿಂಗಪುರದ ಒಂದು ಪರೀಕ್ಷೆಯ ಪ್ರಶ್ನೆ ಜಗತ್ತೆಲ್ಲ ಓಡಾಡಿತು. ಶೆರಿಲ್ ಹುಟ್ಟಿದ ದಿನ ಈ ಹತ್ತರಲ್ಲಿ ಒಂದು: ಮೇ 15, 16, 19, ಜೂನ್ 17, 18, ಜುಲೈ 14, 16, ಆಗಸ್ಟ್ 14, 15, 17. ತಿಂಗಳನ್ನು ಆಲ್ಬರ್ಟ್‌ಗೆ, ತಾರೀಕನ್ನು ಬರ್ನಾರ್ಡ್‌ಗೆ ಮಾತ್ರ ಹೇಳಿದ್ದಾಳೆ. ಆಲ್ಬರ್ಟ್: "ನನಗೆ ಗೊತ್ತಿಲ್ಲ. ಬರ್ನಾರ್ಡ್‌ಗೂ ಗೊತ್ತಿಲ್ಲ ಅಂತ ಮಾತ್ರ ಗೊತ್ತು." 18, 19 ಒಂದೊಂದೇ ಸಲ ಬಂದಿವೆ. ಬರ್ನಾರ್ಡ್ ಬಳಿ ಅವು ಇರಲು ಸಾಧ್ಯವೇ ಇಲ್ಲ ಅಂತ ಆಲ್ಬರ್ಟ್‌ಗೆ ಖಾತ್ರಿ ಇದೆ ಅಂದರೆ, ತಿಂಗಳು ಮೇ ಅಲ್ಲ, ಜೂನ್ ಅಲ್ಲ. ಬೋರ್ಡಿನ ಮೇಲೆ ಐದೇ ದಿನ ಉಳಿದವು.

ಬರ್ನಾರ್ಡ್ ಹೇಳುತ್ತಾನೆ: "ಮೊದಲು ಗೊತ್ತಿರಲಿಲ್ಲ, ಈಗ ಗೊತ್ತಾಯಿತು." ಆಲ್ಬರ್ಟ್: "ಹಾಗಾದರೆ ನನಗೂ ಗೊತ್ತಾಯಿತು."

ಹಿಂದಿನ ಬೆಂಚಿನಲ್ಲಿ ಕೈ ಎತ್ತಿದವರು ಬನ್ನಿ, ಸೀಮೆಸುಣ್ಣ ತಗೊಳ್ಳಿ. ಉತ್ತರ ಆಮೇಲೆ. ಮೊದಲು 14ನ್ನು ಯಾಕೆ ಹೊಡೆದು ಹಾಕಬೇಕು ಅಂತ ಹೇಳಿ.