ತೋರಣಗಲ್ಲಿನಿಂದ ಹೈದರಾಬಾದಿಗೆ: ಎಷ್ಟು ದೂರ, ಎಷ್ಟು ಹೊತ್ತು?

ಕೇಳುಗರೆಲ್ಲರಿಗೂ ನಮಸ್ಕಾರ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕೆ ಸೇರಿದ ವಿದ್ಯಾನಗರ ವಿಮಾನ ನಿಲ್ದಾಣ ಮಾತ್ರ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. 2017ರಲ್ಲಿ, ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ, ಇಲ್ಲಿಂದ ಹೈದರಾಬಾದಿಗೆ ವಿಮಾನ ಹಾರಿತು. ವಿಮಾನವೆಂದರೆ ಬೆಂಗಳೂರಿಗೆ ಹೋಗಿ ಹತ್ತಬೇಕಾದದ್ದು ಎಂದುಕೊಂಡಿದ್ದ ನಮ್ಮ ಸೀಮೆಗೆ ಅದು ದೊಡ್ಡ ಸಂಗತಿ.

ಈ ಎರಡು ನಿಲ್ದಾಣಗಳ ನಡುವಿನ ದೂರವನ್ನು ಹೈಸ್ಕೂಲಿನ ಮಕ್ಕಳೇ ಕಂಡುಹಿಡಿಯಬಹುದು. ನಕಾಶೆ ತೆಗೆಯಿರಿ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್, ನಮ್ಮ ಭಾಗದಲ್ಲಿ ರೇಖಾಂಶದ ಒಂದು ಡಿಗ್ರಿಗೆ ಸುಮಾರು 107. ಹೈದರಾಬಾದಿನ ಶಂಷಾಬಾದ್ ನಿಲ್ದಾಣ ವಿದ್ಯಾನಗರದಿಂದ ಉತ್ತರಕ್ಕೆ ಸುಮಾರು 229 ಕಿಲೋಮೀಟರ್, ಪೂರ್ವಕ್ಕೆ ಸುಮಾರು 192. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಹೆಚ್ಚುಕಡಿಮೆ 300 ಕಿಲೋಮೀಟರ್. ಪೈಥಾಗೊರಸನ ಪ್ರಮೇಯ ಯಾಕೆ ಕಲಿಯಬೇಕು ಎನ್ನುವ ಮಕ್ಕಳಿಗೆ ಈ ಲೆಕ್ಕ ಮಾಡಿಸಿ ನೋಡಿ. ಬೆಂಗಳೂರಿನ ನಿಲ್ದಾಣಕ್ಕೂ ಹೀಗೇ ಮಾಡಿದರೆ ಸುಮಾರು 250 ಬರುತ್ತದೆ.

ಇನ್ನು ಹೊತ್ತು. ಇಂಥ ಊರುಗಳಿಗೆ ಹೆಚ್ಚಾಗಿ ಬರುವ ಎಟಿಆರ್-72, ಎರಡು ಪಂಖಗಳ ವಿಮಾನ, ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ಭಾಗಿಸಿದರೆ 36 ನಿಮಿಷ. ಆದರೆ ಟಿಕೆಟ್ಟಿನಲ್ಲಿ ಒಂದು ಗಂಟೆಯ ಆಸುಪಾಸು ಇರುತ್ತದೆ. ಉಳಿದ ನಿಮಿಷಗಳೆಲ್ಲಿ ಹೋದವು? ಟಿಕೆಟ್ಟಿನ ಗಡಿಯಾರ ವಿಮಾನ ನಿಂತ ಜಾಗದಿಂದ ಕದಲಿದಾಗ ಶುರುವಾಗಿ, ಇನ್ನೊಂದು ತುದಿಯಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟಾಗ ನಿಲ್ಲುತ್ತದೆ. ರನ್‌ವೇವರೆಗೆ ಉರುಳಬೇಕು, ಮೇಲೇರುವಾಗ ಪೂರ್ತಿ ವೇಗ ಇರುವುದಿಲ್ಲ, ಇಳಿಯಲು ಹೈದರಾಬಾದಿನ ದಟ್ಟಣೆಯಲ್ಲಿ ಸರದಿಗೆ ಕಾಯಬೇಕು. ದಾರಿಯೂ ಗೆರೆ ಎಳೆದಷ್ಟು ನೇರವಲ್ಲ.

ಗಾಳಿಯ ಪಾತ್ರವೂ ಉಂಟು. ಮುಂಗಾರಿನಲ್ಲಿ ಕೆಳಮಟ್ಟದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹೋಗುವಾಗ ಬೆನ್ನಿಗೆ, ಬರುವಾಗ ಎದುರಿಗೆ. ಗಂಟೆಗೆ 30 ಕಿಲೋಮೀಟರಿನ ಗಾಳಿ ಇದ್ದರೂ ಹೋಗಿಬರುವುದರ ವ್ಯತ್ಯಾಸ ನಾಲ್ಕೇ ನಿಮಿಷ.

ನಿಜವಾಗಿ ಹೊತ್ತು ಹೋಗುವುದು ನೆಲದ ಮೇಲೆ. ಬಳ್ಳಾರಿಯಿಂದ ತೋರಣಗಲ್ಲಿಗೆ ಸುಮಾರು 30 ಕಿಲೋಮೀಟರ್. ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಆ ದಾರಿಗೆ ಎಷ್ಟು ಹೊತ್ತು ಬೇಕೆಂದು ನಿಮಗೇ ಗೊತ್ತು. ಅಲ್ಲಿ ಮೊದಲೇ ಹೋಗಿ ಕಾಯಬೇಕು, ಶಂಷಾಬಾದಿನಿಂದ ಮತ್ತೆ ಊರೊಳಗೆ ಹೋಗಬೇಕು. ಮನೆಯಿಂದ ಮನೆಗೆ ನಾಲ್ಕು ಗಂಟೆ ಹಿಡಿಯುವುದೇ ಸರಿಯಾದ ಲೆಕ್ಕ. ಆಸ್ಪತ್ರೆಗೆ ಹೋಗುವವರಿಗೆ, ಅದೇ ದಿನ ಇನ್ನೊಂದು ವಿಮಾನ ಹಿಡಿಯುವವರಿಗೆ ಇದು ಆಗಲೂ ಲಾಭವೇ. ವಿಮಾನದ ಹೊತ್ತಿಗೆ ಹೊಂದುವಂತೆ ಬಳ್ಳಾರಿ, ಹೊಸಪೇಟೆಗಳಿಂದ ಒಂದೊಂದು ಬಸ್ಸು ಓಡಿದರೆ ಲಾಭ ಎರಡು ಪಟ್ಟಾಗುತ್ತದೆ ಎಂಬುದು ನನ್ನ ದೃಢ ನಂಬಿಕೆ. ಸ್ವಂತ ಕಾರಿಲ್ಲದವರೂ ಆಗ ಈ ನಿಲ್ದಾಣವನ್ನು ನಮ್ಮದು ಎಂದಾರು.

ಕೊಪ್ಪಳದವರಿಗೆ ಹುಬ್ಬಳ್ಳಿಗಿಂತ ತೋರಣಗಲ್ಲೇ ಹತ್ತಿರ. ರಾಯಚೂರಿನವರು ಹೈದರಾಬಾದಿಗೆ ಹೋಗಲು ಇತ್ತ ಬಂದರೆ ಸುತ್ತು. ಅವರಿಗೆ ರಸ್ತೆ, ರೈಲೇ ಸರಿ.

ವಿಮಾನಗಳ ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬದಲಾಗುತ್ತದೆ. ಆ ದಿನಗಳ ಆಚೆಗೆ ಪ್ರಯಾಣವಿದ್ದರೆ ಹೊಸ ವೇಳೆ ನೋಡಿಯೇ ಟಿಕೆಟ್ ತೆಗೆಸಿ. ನಮಸ್ಕಾರ.