‘ಕಳಸ’ ಟೈಪ್ ಮಾಡಿದ್ರೆ ‘ಕಲಸ’ ಯಾಕೆ ಬರುತ್ತೆ? ಕನ್ನಡ ಕೀಬೋರ್ಡಿನ ಒಳಗೆ ಏನಾಗುತ್ತೆ ನೋಡಿ

[ತೆರೆಯ ಮೇಲೆ: ಮೊಬೈಲ್ ಪರದೆ. ಕೆ, ಎ, ಎಲ್, ಎ, ಎಸ್, ಎ ಒಂದೊಂದಾಗಿ ಬೀಳುತ್ತವೆ]

ನಮಸ್ಕಾರ. ಚಿಕ್ಕಮಗಳೂರು, ಹಾಸನ ಕಡೆಯ ವೀಕ್ಷಕರು ಮತ್ತೆ ಮತ್ತೆ ಕೇಳೋ ಪ್ರಶ್ನೆ ಇದು. ಊರು ಕಳಸ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ತರಿಸೋಕೆ ಹೋದ್ರೆ ಎಷ್ಟೋ ಸಲ ‘ಕಲಸ’ ಬಂದು ಕೂರುತ್ತೆ. ಹಳೇಬೀಡಿನ ‘ಳ’, ಬಾಣಾವರದ ‘ಣ’, ಎರಡಕ್ಕೂ ಇದೇ ಗತಿ. ಫೋನ್ ಕೆಟ್ಟಿದೆಯಾ? ಇಲ್ಲ. ಅದು ಊಹೆ ಮಾಡ್ತಿದೆ, ಅಷ್ಟೇ.

ಲೆಕ್ಕ ಹಾಕಿ ನೋಡಿ. ಆ ಆರು ಅಕ್ಷರದಲ್ಲಿ ‘ಎ’ ಮೂರು ಕಡೆ ಇದೆ. ಪ್ರತಿಯೊಂದೂ ಅ ಆಗಬಹುದು, ಆ ಆಗಬಹುದು. ಅಲ್ಲಿಗೆ ಎಂಟು ರೂಪ. ‘ಎಲ್’ ಅಂದ್ರೆ ಲ ಇರಬಹುದು, ಳ ಇರಬಹುದು. ಹದಿನಾರಾಯ್ತು. ಇಷ್ಟರಲ್ಲಿ ನಿಮಗೆ ಬೇಕಾದದ್ದು ಒಂದೇ. ಕೀಬೋರ್ಡು ತನ್ನ ಪದಪಟ್ಟಿ ನೋಡಿ, ಜನ ಹೆಚ್ಚಾಗಿ ಬಳಸೋದನ್ನ ಮುಂದಿಡುತ್ತೆ. ದಿನಬಳಕೆಯ ಪದ ಸರಿಯಾಗಿ ಬರುತ್ತೆ. ಊರಿನ ಹೆಸರು, ಮನೆತನದ ಹೆಸರು, ನಮ್ಮ ಕಡೆಯ ಮಾತು ಬಂದಾಗ ಎಡವುತ್ತೆ.

ದೊಡ್ಡವರಿಗೆ ಇದು ಬರೀ ಕಿರಿಕಿರಿ. ಮೂರನೇ ಕ್ಲಾಸಿನ ಮಗುವಿಗೆ ಹಾಗಲ್ಲ. ಕಾಗುಣಿತ ಕೈಗೆ ಹತ್ತೋ ವಯಸ್ಸಿನಲ್ಲಿ ಹ್ರಸ್ವ ಯಾವುದು, ದೀರ್ಘ ಯಾವುದು ಅನ್ನೋ ತೀರ್ಮಾನವನ್ನ ಫೋನೇ ಮಾಡಿಬಿಟ್ರೆ ಮಗುವಿಗೆ ಉಳಿಯೋದು ಪಟ್ಟಿಯಿಂದ ಒಂದನ್ನ ಆರಿಸೋ ಕೆಲಸ ಮಾತ್ರ. ಅದಕ್ಕೇ ಮಕ್ಕಳಿಗೆ ಊಹೆ ಮಾಡದ ಕೀಬೋರ್ಡೇ ಕಲಿಸಿ ಅಂತ ನಾವು ಒತ್ತಿ ಹೇಳ್ತೀವಿ.

ಅಂಥದ್ದು ನಮ್ಮಲ್ಲೇ ಇದೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕನ್ನಡ ಗಣಕ ಪರಿಷತ್ತಿನ ಟೈಪಿಂಗ್ ತಂತ್ರಾಂಶ ‘ನುಡಿ’ಯಲ್ಲಿ ಇರೋದು ಇದೇ. ನಿಯಮ ಸಣ್ಣದು: ಅಲ್ಪಪ್ರಾಣ ನೇರ, ಮಹಾಪ್ರಾಣಕ್ಕೆ ಶಿಫ್ಟ್. ಹ್ರಸ್ವ ನೇರ, ದೀರ್ಘಕ್ಕೆ ಶಿಫ್ಟ್. ಲ ಅಂದ್ರೆ ಎಲ್, ಳ ಅಂದ್ರೆ ಶಿಫ್ಟ್ ಹಿಡಿದು ಎಲ್. ನ ಮತ್ತು ಣ ಹಾಗೆಯೇ. ಮೊದಮೊದಲು ಎಲ್ಲರೂ ತಡಕಾಡೋದು ಟ, ಡಗಳಿಗೆ. ಟಿ ಮತ್ತು ಡಿ ಕೀಗಳು ತ, ದ ಪಾಲಾಗಿವೆ. ಹಾಗಾಗಿ ಟ ಕ್ಯೂನಲ್ಲಿದೆ, ಡ ಡಬ್ಲ್ಯೂನಲ್ಲಿದೆ. ಷ ಬೇಕಂದ್ರೆ ಎಕ್ಸ್. ಒತ್ತಕ್ಷರಕ್ಕೆ ಎಫ್.

[ತೆರೆಯ ಮೇಲೆ: ಚ ‑ ಿ ‑ ಕ ‑ ್ ‑ ಕ ‑ ಮ ‑ ಗ ‑ ಳ ‑ ೂ ‑ ರ ‑ ು]

‘ಚಿಕ್ಕಮಗಳೂರು’ ಒತ್ತೋಣ. ಸಿ, ಐ, ಕೆ, ಎಫ್, ಕೆ, ಎಂ, ಜಿ, ಶಿಫ್ಟ್ ಎಲ್, ಶಿಫ್ಟ್ ಯು, ಆರ್, ಯು. ಹನ್ನೊಂದು ಸಲ. ಇಂಗ್ಲಿಷ್ ಕಾಗುಣಿತದಲ್ಲಿ ಹೋದ್ರೆ ಹದಿನಾಲ್ಕು. ಈ ಹನ್ನೊಂದು ಸುಮ್ಮನೆ ಬಂದದ್ದಲ್ಲ. ಯೂನಿಕೋಡ್‌ನಲ್ಲಿ, ಅಂದ್ರೆ ಕಂಪ್ಯೂಟರು, ಫೋನುಗಳೆಲ್ಲ ಅಕ್ಷರ ಗುರುತಿಸೋಕೆ ಬಳಸೋ ಸಂಕೇತ ಪದ್ಧತಿಯಲ್ಲಿ, ಈ ಹೆಸರು ಉಳಿಯೋದೂ ಹನ್ನೊಂದು ತುಂಡಾಗಿಯೇ. ಕಣ್ಣಿಗೆ ಕಾಣೋದು ಆರು ಅಕ್ಷರ, ಒಳಗೆ ಇರೋದು ಹನ್ನೊಂದು. ಕಂಪ್ಯೂಟರಿನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದಾಗ ‘ರು’ ಪೂರ್ತಿ ಹೋಗದೆ ಕೊಂಬು ಮಾತ್ರ ಹೋಗೋದು ಇದಕ್ಕೇ. ತಪ್ಪು ಕೊಂಬು ಬಿದ್ರೆ ಇಡೀ ಪದ ಅಳಿಸಬೇಡಿ, ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿ, ಸರಿಯಾದ್ದನ್ನ ಹಾಕಿ.

ಈಗ ಅರ್ಕಾವತ್ತಿಗೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಲೇಬೇಕು.

[ತೆರೆಯ ಮೇಲೆ: ಕರ್ನಾಟಕ, ದೊಡ್ಡದಾಗಿ]

‘ಕರ್ನಾಟಕ’ ಕೈಯಲ್ಲಿ ಬರೆಯುವಾಗ ಮೊದಲು ಕ, ಆಮೇಲೆ ನಾ, ಅದರ ಪಕ್ಕಕ್ಕೆ ಅರ್ಕಾವತ್ತು. ಬಾಯಲ್ಲಿ ಹೇಳುವಾಗ ರ್ ಮೊದಲು, ನಾ ಆಮೇಲೆ. ಕೈಗೂ ಬಾಯಿಗೂ ಕ್ರಮ ಬೇರೆ. ಮಕ್ಕಳು ಅರ್ಕಾವತ್ತನ್ನ ಬೇರೆ ಅಕ್ಷರಕ್ಕೆ ಅಂಟಿಸೋದು ಬಹಳ ಸಲ ಇದೇ ಗೊಂದಲದಲ್ಲಿ. ಕೀಬೋರ್ಡಿನಲ್ಲಿ ಕ್ರಮ ಬಾಯಿಯದ್ದು: ಕೆ, ಆರ್, ಎಫ್, ಎನ್, ಶಿಫ್ಟ್ ಎ, ಕ್ಯೂ, ಕೆ. ಆರ್ ಮತ್ತು ಎಫ್ ಬಿದ್ದಾಗ ಪರದೆಯಲ್ಲಿ ‘ಕರ್’ ಕಾಣುತ್ತೆ. ಎನ್ ಒತ್ತಿದ ಕೂಡಲೇ ಆ ರ್ ತಾನಾಗಿಯೇ ನ ಪಕ್ಕಕ್ಕೆ ಹಾರಿ ಅರ್ಕಾವತ್ತಾಗುತ್ತೆ. ಮಗುವಿನ ಕೈಯಲ್ಲೇ ಒತ್ತಿಸಿ. ‘ರ್’ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಕಣ್ಣೆದುರೇ ಕಾಣುತ್ತೆ, ಬೋರ್ಡಿನ ಮೇಲೆ ಬರೆದು ಇದನ್ನ ತೋರಿಸೋಕೆ ಆಗಲ್ಲ.

ಇದೇ ನಿಯಮ ಒಂದು ಕಡೆ ಕೈ ಕೊಡುತ್ತೆ: ‘ರ‍್ಯಾಂಕ್’. ಆರ್, ಎಫ್, ವೈ ಒತ್ತಿದ್ರೆ ‘ಸೂರ್ಯ’ದಲ್ಲಿ ಬರೋ ರ್ಯ ಬಂದುಬಿಡುತ್ತೆ. ರ ಮೇಲೆ ಕೂತು ಯ ಒತ್ತಾಗಬೇಕಂದ್ರೆ ರ ಮತ್ತು ಒತ್ತಿನ ಚಿಹ್ನೆಯ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಅದರ ಹೆಸರು ಜೀರೋ ವಿಡ್ತ್ ಜಾಯ್ನರ್. ಅದರ ಜೊತೆಯದ್ದು ಇನ್ನೊಂದು, ನಾನ್‌ಜಾಯ್ನರ್. ‘ಫೇಸ್‌ಬುಕ್’ನಲ್ಲಿ ಸ್ ಕೆಳಗೆ ಬ ಒತ್ತಾಗಿ ಇಳಿಯದ ಹಾಗೆ ತಡೆಯೋದು ಇದು. ಕಾಣಲ್ಲ, ಆದ್ರೆ ಲೆಕ್ಕಕ್ಕೆ ಇದೆ. ಒಬ್ಬರು ಅದನ್ನ ಹಾಕಿ, ಇನ್ನೊಬ್ಬರು ಹಾಕದೆ ಬರೆದ್ರೆ ಫೈಲಿನಲ್ಲಿ ಹುಡುಕುವಾಗ ಒಂದು ಸಿಗುತ್ತೆ, ಇನ್ನೊಂದು ತಪ್ಪಿಸಿಕೊಳ್ಳಬಹುದು.

ಡಿಟಿಪಿ ಅಂಗಡಿಗಳ ಗೋಳೂ ಇದರ ಪಕ್ಕದ್ದೇ. ಲಗ್ನಪತ್ರಿಕೆಯ ಹಳೇ ಫೈಲು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆ ಬಂದ್ರೆ ಅದು ಯೂನಿಕೋಡ್ ಅಲ್ಲ, ಆಸ್ಕಿ ಫಾಂಟಿನ ಫೈಲು. ಅಲ್ಲಿ ಉಳಿದಿರೋದು ಅಕ್ಷರ ಅಲ್ಲ, ಅಕ್ಷರದ ಚೂರು. ‘ಕ’ ಅಂದ್ರೆ ಮೈ ಒಂದು ಚೂರು, ತಲಕಟ್ಟು ಇನ್ನೊಂದು ಚೂರು. ಅದೇ ಫಾಂಟ್ ಇಲ್ಲದಿದ್ರೆ ಏನೂ ಓದೋಕಾಗಲ್ಲ. ಫಾಂಟ್ ಬದಲಿಸೋ ತಂತ್ರಾಂಶ, ಅಂದ್ರೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಆಮೇಲೆ ಮೊದಲು ನೋಡಬೇಕಾದ್ದು ಅರ್ಕಾವತ್ತು. ಹಳೇ ಫೈಲಿನಲ್ಲಿ ಅದು ಕಾಣೋ ಜಾಗದಲ್ಲಿ, ಅಕ್ಷರ ಆದ ಮೇಲೆ ಇರುತ್ತೆ. ಯೂನಿಕೋಡ್‌ಗೆ ಅದನ್ನ ಅಕ್ಷರಕ್ಕಿಂತ ಮೊದಲು ತರಬೇಕು. ಪರಿವರ್ತಕ ತಪ್ಪೋದು ಅಲ್ಲೇ.

[ತೆರೆಯ ಮೇಲೆ: 160 → 70]

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಬೇಗ. ಸಕಲೇಶಪುರ, ಮೂಡಿಗೆರೆ ಕಡೆ ತೋಟದೊಳಗೆ ನೆಟ್ ಸಿಗದ ಜಾಗದಲ್ಲಿ ಇವತ್ತಿಗೂ ಎಸ್ಸೆಮ್ಮೆಸ್ಸೇ ಗತಿ. ಒಂದು ಎಸ್ಸೆಮ್ಮೆಸ್ ಅಂದ್ರೆ 140 ಬೈಟ್, ಒಂದು ಬೈಟಿಗೆ 8 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, 160 ಹಿಡಿಸುತ್ತೆ. ಕನ್ನಡಕ್ಕೆ ಒಂದೊಂದು ತುಂಡಿಗೂ 16 ಬಿಟ್, ಅಲ್ಲಿಗೆ 70. ಸೇರು ಅದೇ, ಕಾಳು ದಪ್ಪ. ‘ಚಿಕ್ಕಮಗಳೂರು’ ಆರು ಸಲ ಬರೆದ್ರೆ 66 ಮುಗೀತು. 70 ದಾಟಿದ್ರೆ ಮೆಸೇಜು ಒಡೆಯುತ್ತೆ, ಒಂದೊಂದು ಭಾಗಕ್ಕೂ 67 ಮಾತ್ರ. ಇನ್ನೊಂದು ಗಮನಿಸಿ: ಇಂಗ್ಲಿಷ್ ಮೆಸೇಜಿನ ನಡುವೆ ಒಂದೇ ಒಂದು ಕನ್ನಡ ಅಕ್ಷರ ಬಿದ್ರೂ ಇಡೀ ಮೆಸೇಜು 70ರ ಲೆಕ್ಕಕ್ಕೆ ಇಳಿಯುತ್ತೆ. ಪಂಚಾಯಿತಿಯಿಂದ, ಶಾಲೆಯಿಂದ ಮೆಸೇಜ್ ಕಳಿಸೋರು ಇದನ್ನ ನೆನಪಿಟ್ಟುಕೊಳ್ಳಿ. ತಾರೀಖು, ಸಮಯ ಮೊದಲ ಸಾಲಿನಲ್ಲೇ ಹಾಕಿ.

ಕಣ್ಣು ಮಂಜಾದ ಹಿರಿಯರಿಗೆ ಧ್ವನಿ ಟೈಪಿಂಗ್ ಒಳ್ಳೇದು. ಗೂಗಲ್ ಇದನ್ನ ಕನ್ನಡಕ್ಕೆ 2017ರಲ್ಲಿ ತಂದಿತು. ಕಳಿಸೋ ಮೊದಲು ಊರಿನ ಹೆಸರು, ದುಡ್ಡಿನ ಅಂಕಿ ಎರಡನ್ನೂ ಓದಿ ನೋಡಲಿ. ಮೊಬೈಲಿನಲ್ಲಿ ಊಹೆ ಬೇಡ ಅನ್ನೋರು ಕೀಬೋರ್ಡಿನ ಸೆಟ್ಟಿಂಗ್ಸ್‌ಗೆ ಹೋಗಿ, ಭಾಷೆಗಳಲ್ಲಿ ಕನ್ನಡ ತೆರೆದು, ಇಂಗ್ಲಿಷ್‌ನಿಂದ ಕನ್ನಡಕ್ಕೆ ತಿರುಗಿಸೋ ವಿನ್ಯಾಸ ಬಿಟ್ಟು ನೇರ ಕನ್ನಡ ಅಕ್ಷರದ್ದನ್ನ ಆರಿಸಿ.

ಮಕ್ಕಳ ಅಭ್ಯಾಸಕ್ಕೆ ನಮ್ಮ ಊರುಗಳೇ ಸಾಕು. ಶಿಫ್ಟ್ ಪಳಗೋಕೆ ಬಾಣಾವರ. ಒತ್ತಕ್ಷರಕ್ಕೆ ಚನ್ನರಾಯಪಟ್ಟಣ, ಬಾಳೆಹೊನ್ನೂರು, ಕೊಟ್ಟಿಗೆಹಾರ. ಇವು ಸಲೀಸಾದ ಮೇಲೆ ಶೃಂಗೇರಿ ಕೊಡಿ: ಶಿಫ್ಟ್ ಎಸ್, ಶಿಫ್ಟ್ ಆರ್, ಶಿಫ್ಟ್ ಎಂ, ಜಿ, ಶಿಫ್ಟ್ ಇ, ಆರ್, ಐ. ಏಳರಲ್ಲಿ ನಾಲ್ಕು ಶಿಫ್ಟ್. ಕೀಬೋರ್ಡ್ ನೋಡದೆ ಇದನ್ನ ಒತ್ತೋಕೆ ಬಂದ ದಿನ ಊರುಗಳ ಪಟ್ಟಿ ಬದಿಗಿಟ್ಟು, ಪಠ್ಯಪುಸ್ತಕದ ಒಂದು ಪುಟ ಕೊಡಿ.