ಸೂರ್ಯನ ಸುದ್ದಿ ಉಂಗುರದ ಅಗಲದಲ್ಲಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಕಡಿದ ತೇಗದ ದಿಮ್ಮಿಯಲ್ಲಿ ಉಂಗುರಗಳನ್ನು ನೋಡಿರುತ್ತೀರಿ. ವರ್ಷಕ್ಕೊಂದು ಉಂಗುರ. ಮಳೆ ಚೆನ್ನಾಗಿ ಬಂದ ವರ್ಷ ಅಗಲ, ಬರ ಬಿದ್ದ ವರ್ಷ ಸಣ್ಣದು. ಇದರಲ್ಲಿ ಸೂರ್ಯನ ಸುದ್ದಿಯೂ ಇದೆ. ಆದರೆ ಅದು ಅಗಲದಲ್ಲಿಲ್ಲ, ಉಂಗುರದೊಳಗಿನ ಇಂಗಾಲದಲ್ಲಿದೆ. ಇವತ್ತು ಇದೊಂದು ಮಾತು ನೆನಪಿಟ್ಟುಕೊಳ್ಳಿ, ಸಾಕು.

ಅಗಲದಲ್ಲೇ ಸೂರ್ಯನನ್ನು ಹುಡುಕಿದವರು ಆಂಡ್ರ್ಯೂ ಡಗ್ಲಾಸ್. ಅಮೆರಿಕದ ಅರಿಜೋನಾದಲ್ಲಿದ್ದ ಖಗೋಳ ವಿಜ್ಞಾನಿ. ಮಂಗಳ ಗ್ರಹದಲ್ಲಿ ಕಾಲುವೆಗಳಿವೆ ಎಂದು ಅವರ ವೀಕ್ಷಣಾಲಯದ ಯಜಮಾನರು ಹೇಳುತ್ತಿದ್ದರು. ಡಗ್ಲಾಸ್ ಒಪ್ಪಲಿಲ್ಲ, 1901ರಲ್ಲಿ ಕೆಲಸ ಹೋಯಿತು. ಆಮೇಲೆ ಅವರು ಹಿಡಿದದ್ದು ಪೈನ್ ಮರಗಳನ್ನು. ಸೂರ್ಯನ ಮೇಲಿನ ಕಪ್ಪು ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಾಗಿ ಕಮ್ಮಿಯಾಗುತ್ತವೆ. ಮಳೆಯೂ ಹಾಗೇ ಏರಿಳಿದರೆ ಉಂಗುರದಲ್ಲಿ ಅದು ಕಾಣಬೇಕಲ್ವಾ? ಅವರಿಗೆ ಕಂಡಿತು ಕೂಡ. ಆದರೆ 17ನೇ ಶತಮಾನದ ಕೊನೆಯ ಉಂಗುರಗಳಲ್ಲಿ ಆ ಏರಿಳಿತವೇ ಮಾಯ! ಯಾಕೆಂದು ಗೊತ್ತಾಗದೆ ತಲೆ ಕೆಡಿಸಿಕೊಂಡರು. 1922ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ವಾಲ್ಟರ್ ಮೌಂಡರ್ ಅವರಿಂದ ಪತ್ರ ಬಂತು. 1645ರಿಂದ 1715ರವರೆಗೆ ಸೂರ್ಯನ ಮೇಲೆ ಕಲೆಗಳೇ ಹೆಚ್ಚುಕಮ್ಮಿ ಇರಲಿಲ್ಲ ಎಂದು ಅದರಲ್ಲಿತ್ತು. ಡಗ್ಲಾಸ್‌ಗೆ ಎಷ್ಟು ಖುಷಿಯಾಗಿರಬೇಕು, ನೀವೇ ಯೋಚಿಸಿ. ಈ ಕಥೆ ಹೇಳಲು ನನಗೆ ಯಾವತ್ತೂ ಬೇಜಾರಿಲ್ಲ.

ಆದರೆ ಬೇರೆ ಬೇರೆ ಕಡೆಯ ಮರಗಳನ್ನು ನೋಡಿದಾಗ ಆ 11 ವರ್ಷದ ಲೆಕ್ಕ ನಿಲ್ಲಲಿಲ್ಲ. ಮಳೆ, ಚಳಿ, ಹುಳ, ಪಕ್ಕದ ಮರದ ನೆರಳು, ಎಲ್ಲವೂ ಉಂಗುರವನ್ನು ಅಗಲ ಸಣ್ಣ ಮಾಡುತ್ತವೆ. ಅದಕ್ಕೇ ಮತ್ತೆ ಹೇಳುತ್ತೇನೆ, ಅಗಲ ನೋಡಬೇಡಿ, ಇಂಗಾಲ ನೋಡಿ.

ಬಾಹ್ಯಾಕಾಶದ ಕಾಸ್ಮಿಕ್ ಕಿರಣಗಳಿಂದ ನಮ್ಮ ಗಾಳಿಯಲ್ಲಿ ಕಾರ್ಬನ್-14 ಎಂಬ ಒಂದು ಬಗೆಯ ಇಂಗಾಲ ಹುಟ್ಟುತ್ತದೆ. ಕಲೆಗಳು ಹೆಚ್ಚಿದ್ದು ಸೂರ್ಯ ಚುರುಕಾಗಿದ್ದರೆ ಅದರ ಕಾಂತಶಕ್ತಿ ಕೊಡೆಯಂತೆ ಆ ಕಿರಣಗಳನ್ನು ತಡೆಯುತ್ತದೆ, ಕಾರ್ಬನ್-14 ಕಮ್ಮಿಯಾಗುತ್ತದೆ. ಸೂರ್ಯ ಮಂಕಾದರೆ ಜಾಸ್ತಿಯಾಗುತ್ತದೆ. ಮರ ಅದನ್ನು ಎಲೆಯಲ್ಲಿ ಹೀರಿಕೊಂಡು ಆ ವರ್ಷದ ಉಂಗುರದಲ್ಲಿ ಇಡುತ್ತದೆ. ಮೌಂಡರ್ ಹೇಳಿದ ಆ 70 ವರ್ಷಗಳ ಉಂಗುರಗಳಲ್ಲಿ ಕಾರ್ಬನ್-14 ಜಾಸ್ತಿಯೇ ಇದೆ! ಅಮೆರಿಕದ ಖಗೋಳ ವಿಜ್ಞಾನಿ ಜಾನ್ ಎಡ್ಡಿ 1976ರಲ್ಲಿ ಇದನ್ನೂ ಸಾಕ್ಷಿಯಾಗಿಟ್ಟು ಮೌಂಡರ್ ಮಾತು ನಿಜ ಎಂದು ತೋರಿಸಿದರು. ಮೌಂಡರ್ ಹೇಳಿದ ಆ ವರ್ಷಗಳಲ್ಲಿ ಯುರೋಪಿನ ಚಳಿಗಾಲವೂ ಜೋರಾಗಿತ್ತು.

ಸಮಯ ಮುಗಿಯುತ್ತಾ ಬಂತು. ಈಗಿನ ಬಿಸಿಗೂ ಸೂರ್ಯನೇ ಕಾರಣ ಎಂದು ಸುಮ್ನೆ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. 1978ರಿಂದೀಚೆಗೆ ಸೂರ್ಯನ ಶಕ್ತಿಯನ್ನು ಉಪಗ್ರಹಗಳೇ ಅಳೆಯುತ್ತಿವೆ. ಅದು ಹೆಚ್ಚಾಗಿಲ್ಲ. ಭೂಮಿ ಮಾತ್ರ ಬಿಸಿಯಾಗುತ್ತಲೇ ಇದೆ. ನಮಸ್ಕಾರ.